ಸಾವಿರ ಸಲ ಉಲ್ಲೇಖವಾದ ಪ್ರಬಂಧ

ಗುರುವಾರ, ೧೪ನೇ ತಾರೀಕು

ಪ್ರೀತಿಯ ಪುಟ್ಟಿ,

ಕ್ಷೇಮವೇ ಎಂದು ಕೇಳುವುದಿಲ್ಲ. ಅಲ್ಲವೆಂದು ನೀನೇ ಬರೆದಿದ್ದೀಯ. ಮೂರು ವರ್ಷದಲ್ಲಿ ನಲವತ್ತೊಂದು ಸಲ ನೀನು ನನ್ನ ಪ್ರಯೋಗವನ್ನು ಮಾಡಿ ನೋಡಿದೆ, ಒಂದು ಸಲವೂ ನನಗೆ ಬಂದ ಫಲಿತಾಂಶ ನಿನಗೆ ಬರಲಿಲ್ಲ. ಇನ್ನು ಸೋಮವಾರ ಸಮಿತಿಯವರು ಕೂತು ನಿನ್ನನ್ನು ಸಂಶೋಧನೆಯಿಂದ ತೆಗೆದುಹಾಕುವುದೋ ಬಿಡುವುದೋ ತೀರ್ಮಾನಿಸುತ್ತಾರೆ. ಕೊನೆಗೆ, ಅಕ್ಕಾ, ನಿನ್ನ ಹೆಸರಿಗೆ ಮಸಿ ಬಳಿದೆ, ಕ್ಷಮಿಸು ಎಂದು ಬೇರೆ. ಆ ಸಾಲು ಓದಿ ನಾನು ಲ್ಯಾಬಿನ ಕೋಲ್ಡ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ನಿನ್ನ ಪತ್ರ ಬಂದ ದಿನವೇ ಇಲ್ಲಿ ಕೇಕ್ ಕತ್ತರಿಸಿದ್ದರು. ಬೇರೆ ವಿಜ್ಞಾನಿಗಳು ತಮ್ಮ ಬರಹಗಳಲ್ಲಿ ನನ್ನ ಆ ಪ್ರಬಂಧವನ್ನು ಉಲ್ಲೇಖಿಸಿದ್ದು ಸಾವಿರ ದಾಟಿತಂತೆ. ನಮ್ಮ ವಿಭಾಗದಲ್ಲಿ ಇನ್ಯಾರದ್ದೂ ಮುನ್ನೂರು ಮುಟ್ಟಿಲ್ಲ. ಟೈಪಿಸ್ಟ್ ಆ ಅಂಕಿಯನ್ನು ದೊಡ್ಡದಾಗಿ ಮುದ್ರಿಸಿ ನನ್ನ ಬಾಗಿಲಿಗೆ ಅಂಟಿಸಿದ್ದಾಳೆ. ನನ್ನ ಉಳಿದ ಇಪ್ಪತ್ತಾರು ಪ್ರಬಂಧಗಳನ್ನು, ನಿಜ ಹೇಳಬೇಕೆಂದರೆ, ಬರೆದವಳೂ ತಿರುಗಿ ಓದಿಲ್ಲ. ನಾನು ತಿನ್ನುತ್ತಿರುವ ಅನ್ನವೆಲ್ಲ ಆ ಒಂದರದ್ದು.

ಆ ಒಂದರ ಕಥೆ ಕೇಳು. ಆಗ ನಾನು ಎರಡು ಬಗೆಯ ಜೀವಕೋಶಗಳನ್ನು ಬೆಳೆಸುತ್ತಿದ್ದೆ. ಒಂದು ಲಿವರ್‌ನದು, ಬಲು ನಿಧಾನ. ಇನ್ನೊಂದು ಕ್ಯಾನ್ಸರ್ ಗಡ್ಡೆಯದು, ಒಂದೇ ದಿನಕ್ಕೆ ದುಪ್ಪಟ್ಟಾಗುವಂಥದು. ಒಂದೊಂದಕ್ಕೂ ಪೋಷಕ ದ್ರವದ ಬಾಟಲಿ ಬೇರೆ ಇರಬೇಕು, ಒಂದರ ಕೆಲಸ ಮುಗಿಸಿ, ಮೇಜು ಒರೆಸಿ, ಅರ್ಧ ಗಂಟೆ ಕಾದು ಇನ್ನೊಂದನ್ನು ಹೊರಗೆ ತೆಗೆಯಬೇಕು. ಇದನ್ನು ನಿನಗೆ ಹೇಳಿಕೊಟ್ಟವಳೇ ನಾನು. ಆ ಚಳಿಗಾಲವಿಡೀ ಅರ್ಧ ಗಂಟೆ ಉಳಿಸುವ ಆಸೆಗೆ ಎರಡಕ್ಕೂ ಒಂದೇ ಬಾಟಲಿ ಬಳಸಿದೆ. ಗಡ್ಡೆಯ ನಾಲ್ಕೈದು ಕೋಶಗಳು ಬಾಟಲಿಗೆ ಬಿದ್ದು, ಅಲ್ಲಿಂದ ಲಿವರ್ ಕೋಶ ಬೆಳೆಯುತ್ತಿದ್ದ ತಟ್ಟೆಗೆ ಹೋಗಿ, ತಿಂಗಳೊಳಗೆ ಇಡೀ ತಟ್ಟೆಯನ್ನು ನುಂಗಿ ನೀರು ಕುಡಿದವು. ಲಿವರ್ ಕೋಶ ಹೀಗೆ ವರ್ತಿಸುತ್ತದೆ ಎಂದು ನಾನು ಊರಿಗೆಲ್ಲ ಸಾರಿದ್ದು ಆ ಗಡ್ಡೆಯ ವರ್ತನೆಯನ್ನು.

ತಿಳಿಯದೆ ಆದ ತಪ್ಪು ಎಂದು ಇಲ್ಲಿಗೇ ನಿಲ್ಲಿಸಬಹುದಿತ್ತು. ಪ್ರಬಂಧ ಅಚ್ಚಾಗಿ ಎರಡು ವರ್ಷವಾದ ಮೇಲೆ ಯಾವುದೋ ಅನುಮಾನಕ್ಕೆ ಆ ಕೋಶಗಳನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿದೆ. ಲಿವರ್‌ನದು ಒಂದೂ ಇಲ್ಲ, ಎಲ್ಲ ಗಡ್ಡೆಯ ಕೋಶಗಳೇ ಎಂದು ವರದಿ ಬಂತು. ಅಷ್ಟರಲ್ಲಿ ಅರವತ್ತು ಜನ ನನ್ನನ್ನು ಉಲ್ಲೇಖಿಸಿಯಾಗಿತ್ತು, ಬಡ್ತಿಯ ಕಡತ ಮೇಲಕ್ಕೆ ಹೋಗಿತ್ತು. ನಾನು ತುಟಿ ಪಿಟಕ್ಕೆನ್ನಲಿಲ್ಲ.

ನಿನ್ನ ಕೋಶಗಳು ಶುದ್ಧವಾಗಿವೆ ಪುಟ್ಟಿ. ಅದಕ್ಕೇ ನನ್ನ ಫಲಿತಾಂಶ ನಿನಗೆ ಬರುತ್ತಿಲ್ಲ. ನಲವತ್ತೊಂದು ಸಲವೂ ನೀನೇ ಸರಿ.

ಇನ್ನೂ ಒಂದಿದೆ, ಇದನ್ನು ಬರೆಯಲು ಎರಡು ಸಲ ಎದ್ದು ಹೋಗಿ ಬಂದೆ. ಹೋದ ವರ್ಷ ನಿನ್ನ ಗೈಡ್ ನನಗೆ ಫೋನ್ ಮಾಡಿದ್ದರು. ಮೇಡಂ, ನಿಮ್ ತಂಗಿ ಇಷ್ಟೊಂದು ಕಷ್ಟಪಡ್ತಿದ್ದಾಳೆ, ಆ ಪ್ರಯೋಗದಲ್ಲೇ ಏನಾದ್ರೂ ಎಡವಟ್ಟಿರಬಹುದಾ ಅಂತ ಕೇಳಿದರು. ಅವಳು ಚಿಕ್ಕಂದಿನಿಂದ್ಲೂ ಹಾಗೇ ಸರ್, ಕೈ ಸ್ವಲ್ಪ ಒರಟು ಅಂದುಬಿಟ್ಟೆ. ನಕ್ಕೆ ಕೂಡ. ಅವರು ನಿನ್ನ ಜೊತೆ ಮುಖ ಕೊಟ್ಟು ಮಾತಾಡುವುದನ್ನು ಬಿಟ್ಟಿದ್ದು ಅಲ್ಲಿಂದಾಚೆಗೆ. ಏನು ತಪ್ಪು ಮಾಡಿದೆ ಎಂದು ನೀನು ತಲೆ ಕೆಡಿಸಿಕೊಂಡಿದ್ದೆಯಲ್ಲ, ಏನೂ ಮಾಡಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಪರೀಕ್ಷೆಯ ವರದಿಯನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇನೆ. ಸೋಮವಾರ ಸಮಿತಿಯ ಮುಂದೆ ಎರಡನ್ನೂ ಇಡು. ಅಕ್ಕನಲ್ಲವೇ ಎಂದು ಹಿಂದೆ ಮುಂದೆ ನೋಡಬೇಡ. ಅಮ್ಮನಿಗೆ ನಾನೇ ಹೇಳುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ. ಊಟ ಬಿಡಬೇಡ.

ನಿನ್ನ
ಅಕ್ಕ

ತಾ.ಕ.: ಶುಕ್ರವಾರ ಬೆಳಿಗ್ಗೆ. ಲಕೋಟೆ ಅಂಟಿಸುವ ಮುಂಚೆ ಮತ್ತೊಮ್ಮೆ ಓದಿಕೊಂಡೆ. ಬರುವ ಇಪ್ಪತ್ತೆರಡಕ್ಕೆ ನಿರ್ದೇಶಕರ ಹುದ್ದೆಗೆ ನನ್ನ ಸಂದರ್ಶನವಿದೆ. ಹುಷಾರಿಲ್ಲ ಎಂದು ಹೇಳಿ ಸಮಿತಿಯ ಸಭೆಯನ್ನು ಒಂದು ವಾರ ಮುಂದೂಡಲು ಕೇಳಿ ನೋಡು. ವರದಿಯನ್ನು ಸದ್ಯಕ್ಕೆ ಹೊರಗೆ ತೆಗೆದಿಟ್ಟಿದ್ದೇನೆ. ನಿನ್ನ ಕೈ ಸರಿಯಿದೆ ಎಂದು ನಿನಗಾದರೂ ಗೊತ್ತಿರಲಿ ಎಂದಷ್ಟೇ ಇದನ್ನು ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ. ಯಾರಿಗೂ ತೋರಿಸಬೇಡ. ಟೈಪ್ ಮಾಡಿದ ಪತ್ರ, ಸಹಿ ಹಾಕಿಲ್ಲ. ಯಾರಾದರೂ ಕೇಳಿದರೆ ನಾನು ಬರೆದದ್ದಲ್ಲ ಎಂದುಬಿಡುತ್ತೇನೆ.