ಇಬ್ಬರಿಂದಲೂ ಬಂದದ್ದು

ಲಗ್ಗೆರೆ
೧೨ ಆಗಸ್ಟ್ ೧೯೮೪, ಭಾನುವಾರ

ಮಾವನವರಿಗೆ ವಸಂತ ಮಾಡುವ ನಮಸ್ಕಾರ.

ಗಂಡನನ್ನು ಮಾವ ಎನ್ನಬಾರದೆಂದು ಮದುವೆಯ ದಿನ ಅವ್ವ ಗದರಿದ್ದಳು. ಅವಳ ತಮ್ಮನಾದ ನಿಮ್ಮನ್ನು ಮಾತು ಬಂದಾಗಿನಿಂದ ಹಾಗೇ ಕರೆದ ನಾಲಿಗೆ ಬೇರೆ ಕಲಿಯಲಿಲ್ಲ. ನೀವು ಈ ಮನೆ ಬಿಟ್ಟು ಊರಿಗೆ ಹೋಗಿ ಎರಡು ವರ್ಷವಾಯಿತು. ನಾನು ಚೆನ್ನಾಗಿದ್ದೇನೆ. ಪೀಣ್ಯದ ಕಾರ್ಖಾನೆಯಲ್ಲಿ ಮೋಟಾರಿಗೆ ತಂತಿ ಸುತ್ತುವ ಕೆಲಸ. ನಮ್ಮ ಸೀತೆಯನ್ನು ಜೂನಿನಲ್ಲಿ ಕಿವುಡ ಮಕ್ಕಳ ಶಾಲೆಯ ಹಾಸ್ಟೆಲಿಗೆ ಸೇರಿಸಿದೆ. ಭಾನುವಾರ ಒಬ್ಬಳಿಗೇ ಒಲೆ ಹಚ್ಚಲು ಮನಸ್ಸಾಗುವುದಿಲ್ಲ, ಅಷ್ಟೇ.

ನನ್ನ ತಂಗಿ ಅಮ್ಮಣ್ಣಿಯನ್ನು ನಿಮಗೆ ಕೊಡುವ ಮಾತು ನಡೆದಿದೆಯಂತೆ. ಹೊಟ್ಟೆಕಿಚ್ಚಿಗೆ ಬರೆಯುತ್ತಿದ್ದಾಳೆ ಎಂದುಕೊಳ್ಳಬೇಡಿ. ಸ್ವಲ್ಪ ಇದ್ದರೂ ಇರಬಹುದು. ಆದರೆ ವಿಷಯ ಅದಲ್ಲ.

ಶಾಲೆಯವರು ನಮ್ಮನ್ನು ಪೇಟೆಯ ಒಬ್ಬ ಲೇಡಿ ಡಾಕ್ಟರ ಹತ್ತಿರ ಕಳಿಸಿದ್ದರು. ಹೆತ್ತವರ ಗುಣ ಮಕ್ಕಳಿಗೆ ಹೇಗೆ ಇಳಿಯುತ್ತದೆಂದು ನೋಡುವ ವಿದ್ಯೆ ಅವರದು, ತಳಿಶಾಸ್ತ್ರ. ಅದರಲ್ಲೂ ಕವಲುಗಳಿವೆ. ಮೊದಲು ನಮ್ಮ ಮೂರು ತಲೆಮಾರನ್ನು ಕೇಳಿ ಕೇಳಿ ಹಾಳೆಯ ಮೇಲೆ ಬರೆದುಕೊಂಡರು. ತಾತನ ಅಕ್ಕ ಮರಿಯಮ್ಮ ಹುಟ್ಟು ಕಿವುಡಿ, ಮೂಗಿ ಎಂದಾಗ ಅವರ ಪೆನ್ನು ನಿಂತಿತು. ಆಮೇಲೆ ಸೀತೆಯ ರಕ್ತ ತೆಗೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಕತ್ತರಿಸಿದ ದಾರದ ತುಂಡುಗಳಂತೆ ನಲವತ್ತಾರು ವರ್ಣತಂತುಗಳು ಇದ್ದವು. ಅವುಗಳಲ್ಲಿ ಕುಂದೇನೂ ಕಾಣಲಿಲ್ಲ. ಪಕ್ಕದ ಕೋಣೆಯಲ್ಲಿ ಒಬ್ಬರು ಬಾಟಲಿಗಳಲ್ಲಿ ಹಣ್ಣಿನ ನೊಣ ಸಾಕಿ, ಜೋಡಿ ಮಾಡಿ, ಮರಿಗಳ ಕಣ್ಣಿನ ಬಣ್ಣ ಎಣಿಸುತ್ತಿದ್ದರು. ನನಗೆ ನಗು ಬಂತು. "ನೊಣಕ್ಕೂ ನಮಗೂ ನಿಯಮ ಒಂದೇ ಕಣಮ್ಮ" ಎಂದರು ಡಾಕ್ಟರು. ಇನ್ನು ಕೆಲವರು ಹಳ್ಳಿಹಳ್ಳಿ ಸುತ್ತಿ, ಎಷ್ಟು ಮನೆಯಲ್ಲಿ ಸೋದರಮಾವನ ಮದುವೆ, ಎಷ್ಟು ಮಕ್ಕಳಿಗೆ ಕಿವಿ ಕೇಳದು ಎಂದು ವಿಚಾರಿಸುತ್ತಾರಂತೆ. ಆ ದಾರದೊಳಗಿನ ಬರಹವನ್ನೇ ಓದುವ ಹೊಸ ಕವಲೂ ಇದೆ. ಸೀತೆಯ ಕಿವುಡನ್ನು ಹಾಗೆ ಓದಲು ಇನ್ನೂ ಯಾರಿಗೂ ಬರದಂತೆ.

ಕೊನೆಗೆ ಕೇಳಿಯೇಬಿಟ್ಟೆ, "ಇದು ನನ್ನ ಹೊಟ್ಟೆ ದೋಷಾನಾ, ಡಾಕ್ಟ್ರೇ?"

"ಇಬ್ರಿಂದ್ಲೂ ಬಂದಿರೋದಮ್ಮ. ಒಬ್ರಿಂದ ಮಾತ್ರ ಬಂದಿದ್ರೆ ಮಗೂಗೆ ಕಿವಿ ಕೇಳಿಸ್ತಿತ್ತು."

ತಾತನಿಂದ ನಿಮಗೂ ಅವ್ವನಿಗೂ ಬಂದಿರಬೇಕು, ಅವ್ವನಿಂದ ನನಗೆ. ಬಸ್ ಸ್ಟಾಪಿನಲ್ಲಿ ಕೂತು ಅತ್ತೆ. "ನಿನ್ ಒಟ್ಟೇಲಿ ಉಟ್ಟೋದೆಲ್ಲ ಇಂಗೇ" ಎಂದು ಹೊಸ್ತಿಲಲ್ಲಿ ನಿಂತು ಹೇಳಿ ಹೋದಿರಲ್ಲ, ಎರಡು ವರ್ಷ ಅದನ್ನೇ ನಂಬಿ ಬದುಕಿದೆ.

ಅಮ್ಮಣ್ಣಿಯಲ್ಲೂ ಅದು ಇರಬಹುದು. ಪರೀಕ್ಷೆ ಮಾಡಿ ತಿಳಿಯುವ ಹಾಗಿಲ್ಲ. ಹೊರಗಿನ ಹೆಣ್ಣು ತನ್ನಿ ಎಂದು ಬರೆಯಲು ನನ್ನ ಕೈ ಏಳುತ್ತಿಲ್ಲ. ಅವಳನ್ನು ಮಾತ್ರ ಬಿಟ್ಟುಬಿಡಿ.

ನಿಮ್ಮ ಅಕ್ಕನ ಮಗಳು,
ವಸಂತ

ಮತ್ತೊಂದು ಮಾತು: ಇವತ್ತು ಸೋಮವಾರ ಬೆಳಗ್ಗೆ ಇದನ್ನು ಅಂಚೆಗೆ ಹಾಕಲು ಹೊರಟಿದ್ದೆ, ಅಮ್ಮಣ್ಣಿ ಬಟ್ಟೆಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅಕ್ಕಾ, ನಿನ್ ಗಂಡನ್ನ ನಾನ್ ಆಗಾಕಿಲ್ಲ ಅಂತ ಎಲ್ರ ಮುಂದೇನೇ ಏಳ್ಬುಟ್ಟು ಬಂದೆ" ಎಂದಳು. ಇನ್ನು ಈ ಕಾಗದ ಕಳಿಸುವ ಅಗತ್ಯವಿಲ್ಲ. ಆದರೂ ಕಳಿಸುತ್ತಿದ್ದೇನೆ. ಎರಡು ವರ್ಷದಲ್ಲಿ ನಿಮಗೆ ಬರೆಯಲು ನನಗೆ ಸಿಕ್ಕ ನೆಪ ಇದೊಂದೇ.