ಪಕ್ಕದ ಸೀಟಿನವಳು

ಫೆಬ್ರವರಿ 9, ಭಾನುವಾರ

ಬೆಳಿಗ್ಗೆಯಿಂದ ಶೆಡ್ಡು. ಆಯಿಲ್ ಬದಲಾಯಿಸಿದ್ದು, ಪ್ಲಗ್ ಉಜ್ಜಿದ್ದು. ಪ್ರತಿ ಭಾನುವಾರದ ಪಾಡು. ಕೆಂಪು ಕಾರು, ಎರಡೇ ಸೀಟು, ನಮ್ಮ ಮದುವೆಗಿಂತ ಹಳೆಯದು. ವರ್ಷಕ್ಕೊಮ್ಮೆ ಹಳೇ ಕಾರುಗಳ ರ‍್ಯಾಲಿ. ಸಾರಥಿ ಓಡಿಸುತ್ತಾನೆ, ನಾನು ಪಕ್ಕದಲ್ಲಿ ಕೂತು ರೂಟ್ ಬುಕ್ ನೋಡಿ ತಿರುವು ಹೇಳುತ್ತೇನೆ. (ಸಾರಥಿ ಎನ್ನುವುದು ಈ ಡೈರಿಯಲ್ಲಿ ಮಾತ್ರ. ಎದುರಿಗೆ ಕರೆದರೆ ಹೊಗಳಿಕೆ ಎಂದುಕೊಳ್ಳುವ ಗಂಡ.)

ಇವತ್ತು ಪ್ಲಗ್ ಒರೆಸುತ್ತ, ತಲೆ ಎತ್ತದೆ—

"ಈ ಸಲ ಎಸಿ ತೆಗೆದುಬಿಡೋಣ ಅಂತಿದೀನಿ. ಸುಮ್ನೆ ಭಾರ. ಏರಿನಲ್ಲಿ ಎಂಜಿನ್ ಉಸಿರು ಕಟ್ಟುತ್ತೆ."

"ರ‍್ಯಾಲಿ ಏಪ್ರಿಲ್‌ನಲ್ಲಿ ಅಲ್ವೇನ್ರೀ?"

"ಹ್ಞೂಂ."

"ಉರಿಬಿಸಿಲಲ್ಲಿ?"

"ಕಿಟಕಿ ಇಳಿಸಿದ್ರೆ ಗಾಳಿ ಬರುತ್ತೆ ಬಿಡೆ."

ನನ್ನ ನರದ ಕಾಯಿಲೆಯ ಬಗ್ಗೆ ಡಾಕ್ಟರಮ್ಮ ವಿವರಿಸುವಾಗ ಪಕ್ಕದ ಕುರ್ಚಿಯಲ್ಲಿ ಕೂತಿದ್ದವನು ಇವನೇ. ಮೈ ಕಾದರೆ ಕಣ್ಣು ಮಂಜಾಗುತ್ತದೆ, ತಣ್ಣಗಾದರೆ ಸರಿಹೋಗುತ್ತದೆ. ಕಾರೊಳಗೆ ತಂಪಿರುವ ತನಕ ಓದಬಲ್ಲೆ. ತಂಪಿಲ್ಲ ಎಂದರೆ ನಾನೂ ಇಲ್ಲ. ಇಷ್ಟು ಗೊತ್ತಾಗದ ದಡ್ಡನಲ್ಲ. ಗೊತ್ತಿದ್ದೇ ಹೇಳಿದ್ದು.

ಕೆಲಸ ಬಿಟ್ಟೆ. ಸ್ಕೂಟರ್ ಬಿಟ್ಟೆ. ಮಹಡಿ ಹತ್ತುವುದನ್ನು ಬಿಟ್ಟೆ. ನನ್ನದು ಅಂತ ಉಳಿದಿರುವುದು ಆ ಸೀಟು ಒಂದೇ. ಅದನ್ನು ಬಿಡುವುದಿಲ್ಲ.

ಆದರೆ ಬಾನೆಟ್ ಎತ್ತಿತ್ತು. ಬಾಯಿ ಮುಚ್ಚಿಕೊಂಡೆ. ಬಾನೆಟ್ ಎತ್ತಿದ್ದಾಗ ಜಗಳ ಆಡುವಂತಿಲ್ಲ—ಹೊಸದಾಗಿ ಮದುವೆಯಾದಾಗ ಮಾಡಿಕೊಂಡ ಕಟ್ಟಳೆ. ಜಗಳವಾಡಿದ ಸಿಟ್ಟಿನಲ್ಲಿ ಸಾರಥಿ ರೇಡಿಯೇಟರಿನ ಮುಚ್ಚಳ ಹಾಕುವುದನ್ನೇ ಮರೆತು, ನಡುದಾರಿಯಲ್ಲಿ ಹಬೆ ಎಬ್ಬಿಸಿ ನಿಂತ ಮೇಲೆ.

ಫೆಬ್ರವರಿ 10

ಬಾನೆಟ್ ಇಳಿಸಿಲ್ಲ! ಕಂಬಿ ಕೊಟ್ಟು ನಿಲ್ಲಿಸಿ ಆಫೀಸಿಗೆ ಹೋಗಿದ್ದಾನೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹಾಗೆ ಬಿಟ್ಟು ಹೋದವನಲ್ಲ. ರಾತ್ರಿ ಊಟಕ್ಕೆ ಕೂತಾಗ ಮಾತು ತೆಗೆದೆ.

"ಆ ಎಸಿ ವಿಷಯ—"

"ಬಾನೆಟ್ ಎತ್ತಿದೆ ಕಣೆ," ಎಂದ. ತಟ್ಟೆಯಲ್ಲಿ ಕಣ್ಣು.

ಕಳ್ಳ. ನಮ್ಮ ಕಟ್ಟಳೆಯನ್ನೇ ನನಗೆ ಬೀಗ ಮಾಡಿ ಹಾಕಿದ್ದಾನೆ.

ಫೆಬ್ರವರಿ 16, ಭಾನುವಾರ

ಸಾರಥಿ ಎಸಿಯ ಪೈಪನ್ನು ಹಾಗೇ ಬಿಚ್ಚಲು ಹೊರಟಿದ್ದ. ಒಳಗೆ ಗ್ಯಾಸ್ ತುಂಬಿದೆ, ಮುಖಕ್ಕೆ ಹೊಡೆದರೆ ಕಣ್ಣು ಹೋದೀತು ಎಂದೆ. ಮನೆಯಲ್ಲಿ ಒಂದು ಜೊತೆ ಕಣ್ಣು ಕೆಟ್ಟಿರುವುದು ಸಾಲದೇ. ಎಸಿ ಮೆಕ್ಯಾನಿಕ್‌ಗೆ ಫೋನ್ ಮಾಡಿ ಕರೆಸಿದ್ದು ನಾನೇ.

ಮೆಷಿನ್ನು, ಸಿಲಿಂಡರು ಎಲ್ಲ ತಂದ. ಗ್ಯಾಸ್ ಎಳೆಯುವ ಮುಂಚೆ ಒಮ್ಮೆ ಎಸಿ ಹಾಕಿ ಕೈ ಒಡ್ಡಿ ನೋಡಿದ.

"ಐಸ್ ಥರ ಬರ್ತಿದೆಯಲ್ಲ ಅಕ್ಕಾ. ಇಷ್ಟು ಹಳೇ ಗಾಡೀಲಿ ಇಷ್ಟು ತಂಪು ನಾನು ನೋಡೇ ಇಲ್ಲ. ಯಾಕೆ ತೆಗೆಸ್ತಿದೀರಿ?"

"ಯಜಮಾನರನ್ನ ಕೇಳಪ್ಪ."

ಯಜಮಾನರು ಸ್ಪ್ಯಾನರ್ ಹುಡುಕತೊಡಗಿದರು. ಸ್ಪ್ಯಾನರ್ ಕೈಯಲ್ಲೇ ಇತ್ತು.

ಗ್ಯಾಸ್ ಹೋಯಿತು. ಮೆಷಿನ್ ಮುಳ್ಳು ಸೊನ್ನೆಗೆ ಇಳಿಯುವುದನ್ನು ನಿಂತು ನೋಡಿದೆ. ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು.

ಫೆಬ್ರವರಿ 23, ಭಾನುವಾರ

ಕಂಪ್ರೆಸರ್ ತೆಗೆದಾಯಿತು. ತೆಗೆದದ್ದು ನಾನು.

ನಿನ್ನೆ ಯೋಚಿಸಿದೆ. ನನ್ನ ಬಾಯಿಂದ "ಬೇಡ ರೀ, ಈ ಸಲ ನಾನು ಬರಲ್ಲ" ಅಂತ ಬರಲಿ ಎಂದು ಕಾಯುತ್ತಿದ್ದಾನೆ. ಕಾಯಲಿ. ಕಾದು ಕಾದು ತುಕ್ಕು ಹಿಡಿಯಲಿ. ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಂಡು, ರಟ್ಟಿನ ಮೇಲೆ ಮಲಗಿ ಕಾರಿನಡಿ ನುಸುಳಿದೆ.

"ಏಯ್, ನೀನ್ಯಾಕೆ? ಬಿಡು, ನಾನು ಮಾಡ್ತೀನಿ."

"ನೀವು ಟಾರ್ಚ್ ಹಿಡೀರಿ."

ಕೆಳಗಿನ ಬೋಲ್ಟು ಜಪ್ಪಯ್ಯ ಎಂದರೂ ಬಿಡಲಿಲ್ಲ. ಎಣ್ಣೆ ಬಿಟ್ಟು, ಹೊಡೆದು, ಮತ್ತೆ ಎಣ್ಣೆ ಬಿಟ್ಟು... ಕೊನೆಗೆ ಕಿರ್ ಎಂದಿತು. ಕಂಪ್ರೆಸರನ್ನು ಎದೆಯ ಮೇಲೆ ಇಳಿಸಿಕೊಂಡೆ. ನಿಜಕ್ಕೂ ಭಾರ. ಸಾರಥಿಯ ಮುಖ ಅರಳಿತು.

"ನೋಡಿದ್ಯಾ? ಇದರ ಬೆಲ್ಟೂ ಬೇರೇನೇ. ಕಿತ್ತರೆ ಎಂಜಿನ್‌ಗೆ ಏನೂ ನಷ್ಟ ಇಲ್ಲ."

ಇದನ್ನು ಎರಡು ಸಲ ಹೇಳಿದ. ಟಾರ್ಚ್ ಮಾತ್ರ ನೆಟ್ಟಗೆ ಹಿಡಿಯಲಿಲ್ಲ.

ಮಾರ್ಚ್ 1

ಇವತ್ತು ಮೈದುನ ಬಂದಿದ್ದ. ಎಸಿಯ ಕಂಡೆನ್ಸರ್ ಎತ್ತಿಡಲು ಸಹಾಯಕ್ಕಂತೆ. ಮುಂದಿನ ಜಾಲರಿ ಬಿಚ್ಚಿ, ರೇಡಿಯೇಟರ್ ಮುಂದಿದ್ದ ಕಂಡೆನ್ಸರ್ ಹೊರಗೆಳೆದೆವು. ಮಡಿಚಿದ ಚಾಪೆಯಷ್ಟು ಅಗಲ, ತುಂಬ ಸತ್ತ ಹುಳ. ಮೈದುನ ಎತ್ತಿದ್ದು ಒಂದು ತುದಿ, ಅದಕ್ಕೇ ಎರಡು ಲೋಟ ನೀರು ಕುಡಿದ. ಆಮೇಲೆ ಹೋಗಿ ನನ್ನ ಸೀಟಿನಲ್ಲಿ ಕೂತ.

"ಅತ್ತಿಗೆ, ಈ ಸೀಟು ಇನ್ನೊಂಚೂರು ಹಿಂದಕ್ಕೆ ಹೋಗುತ್ತಾ?"

"ಯಾಕೋ?"

"ಮೊಣಕಾಲು ತಾಗುತ್ತೆ... ಸುಮ್ನೆ. ಹೇಗಿದೆ ಅಂತ ಕೂತು ನೋಡಿದೆ."

ಅಣ್ಣನ ಕಡೆ ನೋಡಿದ. ಅಣ್ಣ ನೆಲ ನೋಡಿದ. ಅಯ್ಯೋ, ಅಣ್ಣ ತಮ್ಮ ಇಬ್ಬರಿಗೂ ಸುಳ್ಳು ಹೇಳಲು ಬರುವುದಿಲ್ಲ, ಆದರೂ ಆಸೆ.

ನಾನು ಐವತ್ತು ಕೆಜಿ ತುಂಬುವುದಿಲ್ಲ. ಮೈದುನ ತೊಂಬತ್ತಕ್ಕೆ ಕಮ್ಮಿ ಇಲ್ಲ. ಭಾರವಂತೆ, ಭಾರ.

ಬಾನೆಟ್ ಇನ್ನೂ ಎತ್ತಿಯೇ ಇದೆ. ಒಳಗೆ ಧೂಳು ಕೂರುತ್ತಿದೆ. ಸಾರಥಿಗೆ ಚಿಂತೆಯಿಲ್ಲ.

ಮಾರ್ಚ್ 22

ಇಷ್ಟು ದಿನ ಬರೆಯಲಾಗಲಿಲ್ಲ. ಎಡಗೈ ಜೋಮು ಹಿಡಿದಿತ್ತು, ಬಲಗೈಯಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. ಶೆಡ್ಡಿನ ಧಗೆಗೆ ಹೀಗಾಯಿತು ಎಂದರು ಡಾಕ್ಟರಮ್ಮ. ಮಲಗಿದ್ದೆ.

ಸಾರಥಿ ರಜೆ ಹಾಕಿ ನೋಡಿಕೊಂಡ. ಗಂಜಿ ಕಾಯಿಸಿದ, ತಲೆ ಬಾಚಿದ, ಬಾತ್‌ರೂಮಿಗೆ ಹಿಡಿದುಕೊಂಡು ಹೋದ. ಒಂದು ಕೆಟ್ಟ ಮಾತಿಲ್ಲ. ನೆಂಟರೆಲ್ಲ ಫೋನಿನಲ್ಲಿ ಹೊಗಳಿದ್ದೇ ಹೊಗಳಿದ್ದು—ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು. ಹೌದು. ಅವರು ಆ ಮುಖ ನೋಡಬೇಕಿತ್ತು. ಬ್ಯಾಂಕಿನ ಕ್ಯೂನಲ್ಲಿ ನಿಂತವನ ಮುಖ.

ನಾನು ಮಲಗಿದ್ದಾಗಲೇ ಡ್ಯಾಶ್‌ಬೋರ್ಡ್ ಬಿಚ್ಚಿ ಹಿಂದಿದ್ದ ತಂಪಿನ ಪೆಟ್ಟಿಗೆಯನ್ನೂ ತೆಗೆದುಬಿಟ್ಟಿದ್ದಾನೆ. ಶೆಡ್ಡಿನ ಪಕ್ಕದ ರೂಮಿನಲ್ಲಿದ್ದ ನನಗೆ ಪ್ರತಿಯೊಂದು ಸ್ಕ್ರೂ ಬಿದ್ದ ಸದ್ದೂ ಕೇಳಿಸುತ್ತಿತ್ತು.

ಮಾರ್ಚ್ 23, ಭಾನುವಾರ

ಗೋಡೆ ಹಿಡಿದುಕೊಂಡು ಶೆಡ್ಡಿಗೆ ಹೋದೆ. ಕಂಬಿ ತೆಗೆದೆ. ಬಾನೆಟ್ ಧಡ್ಡನೆ ಕೆಳಗೆ ಬಿಟ್ಟೆ. ಆ ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳಿತು.

ಸಾರಥಿ ಓಡಿ ಬಂದ. "ಏನಾಯ್ತೇ?"

"ಎಸಿ ಭಾರವೋ, ನಾನು ಭಾರವೋ? ನೀನೇ ಹೇಳು."

ಮದುವೆಯಾದ ಮೇಲೆ ಮೊದಲ ಸಲ ಏಕವಚನ. ಅವನಿಗೂ ತಿಳಿಯಿತು. ಕೈ ಒರೆಸಿಕೊಳ್ಳುತ್ತಲೇ ಇದ್ದ, ಒರೆಸಲು ಏನೂ ಇರಲಿಲ್ಲ. ಆಮೇಲೆ ಒಂದೇ ಉಸಿರಿಗೆ ಹೇಳಿದ.

"ರಸ್ತೆಗಿಂತ ನಿನ್ನನ್ನೇ ಜಾಸ್ತಿ ನೋಡ್ಕೊಂಡು ಓಡಿಸ್ತೀನಿ ಕಣೆ. ಬೆವರ್ತಿದಾಳಾ, ಕಣ್ಣು ಉಜ್ತಿದಾಳಾ, ನಿಲ್ಲಿಸ್ಲಾ... ಮನೇಲೂ ಅದೇ, ಕಾರಲ್ಲೂ ಅದೇ. ಒಂದು ದಿನ ಸುಮ್ನೆ ಕಾರು ಓಡಿಸ್ಬೇಕು ಅನ್ಸುತ್ತೆ. ಒಂದೇ ದಿನ."

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನಾನು ಕೆಟ್ಟವನಾಗ್ತಿದ್ದೆ. ನೀನೇ ಬೇಡ ಅಂದಿದ್ರೆ..."



ಹೇಡಿ. ಕೆಟ್ಟವನಾಗುವುದಕ್ಕೂ ಧೈರ್ಯವಿಲ್ಲ. ಒಂದು ದಿನ ಬೇಕಂತೆ. ನನಗೆ ಯಾರು ಕೊಡುತ್ತಾರೆ ಒಂದು ದಿನ, ಈ ಮೈಯಿಂದ ರಜೆ? ಇವನನ್ನು ಕಂಡರೆ ಆಗುವುದಿಲ್ಲ ಈಗ. ಹೇಳಿದ್ದು ನಿಜ ಎಂಬ ಕಾರಣಕ್ಕೆ ಇನ್ನಷ್ಟು ಆಗುವುದಿಲ್ಲ.

ಮಾರ್ಚ್ 30

ಮಾತಿಲ್ಲ. ಗಂಜಿಯೂ ಬೇಕಾಗಿಲ್ಲ, ನಾನೇ ಅಡುಗೆ ಮಾಡುತ್ತೇನೆ. ಬಾನೆಟ್ ಮುಚ್ಚಿದೆ, ಇಬ್ಬರೂ ಬಾಯಿ ಬಿಡುವುದಿಲ್ಲ. ಕಟ್ಟಳೆ ತಿರುಗುಮುರುಗಾಗಿದೆ.

ಏಪ್ರಿಲ್ 5

ರ‍್ಯಾಲಿಗೆ ಹೆಸರು ಕೊಟ್ಟು ಬಂದೆ. ಪ್ರತಿ ವರ್ಷ ಕೊಡುವವಳು ನಾನೇ, ಈ ವರ್ಷ ಯಾಕೆ ತಪ್ಪಲಿ. ಓಡಿಸುವವನು ಅವನು. ಪಕ್ಕದಲ್ಲಿ ನಾನು. ಮೈದುನನ ಹೆಸರು ಬರೆಯಲು ಮರೆತೆ ಎಂದುಕೊಳ್ಳಲಿ.

ಏಪ್ರಿಲ್ 13, ಭಾನುವಾರ, ಬೆಳಿಗ್ಗೆ 10

ಸಾಲಿನಲ್ಲಿ ನಿಂತಿದ್ದೇವೆ. ಕಾರಿನಿಂದಲೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಇಲ್ಲಿ ಅವನು ಟೈರ್ ನೋಡುತ್ತಿದ್ದಾಗ ಆಟೋದಲ್ಲಿ ಬಂದಿಳಿದು, ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡೆ. ಮೈದುನ ಟೋಪಿ ಹಾಕಿಕೊಂಡು ಬಂದು ಬಾಗಿಲು ತೆರೆದ, ನನ್ನನ್ನು ಕಂಡು ಹಾಗೇ ನಿಂತ.

"ಅತ್ತಿಗೆ... ಇದೇನು?"

"ನಿನಗೆ ಮೊಣಕಾಲು ತಾಗುತ್ತಲ್ಲಪ್ಪ."

ಸಾರಥಿ "ಇಳಿ" ಎಂದ. ಇಳಿಯಲ್ಲ ಎಂದೆ. ರ‍್ಯಾಲಿ ನಡೆಸುವ ಕ್ಲಬ್ಬಿನವರೆಲ್ಲ ಸುತ್ತ ನಿಂತಿದ್ದರು, ನಮಸ್ಕಾರ ಮಾಡುತ್ತಿದ್ದರು. ಹಲ್ಲು ಕಿರಿದು ಬಾಗಿಲು ಹಾಕಿದ. ಅಂಥ ನಗು ನಾನು ನೋಡಿಯೇ ಇರಲಿಲ್ಲ. ಹೊಟ್ಟೆ ತಣ್ಣಗಾಯಿತು. ಮೈ ಒಂದು ಬಿಟ್ಟು.

ರೂಟ್ ಬುಕ್ ಈಗ ತಾನೇ ಕೊಟ್ಟರು. ಮೊದಲ ಪುಟ ಓದಿದೆ—ಬಲಕ್ಕೆ, ಸೇತುವೆ, ಎಡಕ್ಕೆ ಚೂಪು ತಿರುವು, ಆಮೇಲೆ ಪ್ರಪಾತದ ಅಂಚು. ಅಕ್ಷರ ಸ್ಪಷ್ಟ.

10:40

ಸಾಲು ಕದಲುತ್ತಿಲ್ಲ. ನೆರಳಿಲ್ಲ. ಕಿಟಕಿಯಿಂದ ಗಾಳಿ ಬರುತ್ತದಂತೆ—ಬರುವುದು ಮುಂದಿನ ಕಾರಿನ ಹೊಗೆ. ಟವೆಲ್ ಒಣಗಿತು. ಬಾಟಲಿಯ ನೀರು ಬಿಸಿ. ಡ್ಯಾಶ್‌ಬೋರ್ಡಿನಲ್ಲಿ ಎಸಿಯ ಗುಂಡಿ ಇದ್ದ ಕಡೆ ತೂತು, ಅದರಿಂದ ಎಂಜಿನ್ ಕಾವು ಮೊಣಕಾಲಿಗೆ.

ಅವನು ನನ್ನ ಕಡೆ ನೋಡುತ್ತಿಲ್ಲ. ಒಂದು ಸಲವೂ ಇಲ್ಲ. ಹಟಕ್ಕೆ ರಸ್ತೆಯನ್ನೇ ನೋಡುತ್ತಿದ್ದಾನೆ.

11 ದಾಟಿರಬೇಕು

ಗಡಿಯಾರದ ಮುಳ್ಳು ಕಾಣುತ್ತಿಲ್ಲ. ದೊಡ್ಡ ಅಕ್ಷರದಲ್ಲಿ ಅಂದಾಜಿಗೆ ಬರೆಯುತ್ತಿದ್ದೇನೆ. ಬುಕ್ಕಿನ ಪುಟ ಬರೀ ಬಿಳಿ. ಬೆರಳಿಟ್ಟು ಹತ್ತಿರ ಹಿಡಿದರೂ ಬಿಳಿ.

"ಮೊದಲನೇದು ಯಾವ ಕಡೆ?" ಕೇಳಿದ.

"ಬಲ."

ನೆನಪಿನಿಂದ ಹೇಳಿದೆ. ತಲೆ ಆಡಿಸಿದ. ನಂಬಿದ. ಇಷ್ಟೆಲ್ಲ ಆದ ಮೇಲೂ ಈ ಕತ್ತೆ ನಾನು ಹೇಳಿದ್ದನ್ನು ನಂಬುತ್ತಾನೆ. ಎಡವೆಂದರೆ ಎಡಕ್ಕೆ ತಿರುಗಿಸುತ್ತಾನೆ, ಬಲವೆಂದರೆ ಬಲಕ್ಕೆ. ಎರಡನೇ ಪುಟದಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ.

ಮುಂದಿನ ಕಾರು ಹೋಯಿತು. ಬಾವುಟದವನು ನಮ್ಮನ್ನು ಕರೆಯುತ್ತಿದ್ದಾನೆ, ಅವನೂ ಒಂದು ಮಸುಕು. ಸಾರಥಿ ಗೇರು ಹಾಕಿದ. ಹೇಳಿಬಿಡಬೇಕು ಈಗ. ನನ್ನ ಬಾಯಿಂದಲೇ.

ಹೇಳಿದರೆ ಅವನು ಗೆದ್ದ. ಹೇಳದಿದ್ದರೆ ಇಬ್ಬರೂ—