ನಾಳೆಯ ಸೂಜಿ

ಅಪ್ಪಾ,

ನೀನು ಹೋಗಿ ಐದು ತಿಂಗಳಾದ ಮೇಲೆ ಇವತ್ತು ನಿನ್ನ ಟೈಲರ್ ಅಂಗಡಿಯ ಬಾಗಿಲು ತೆಗೆದೆ. ಹೊಲಿಗೆ ಮಿಷನ್ ಮೇಲೆ ಕೈಯಿಟ್ಟರೆ ಅಚ್ಚು ಬೀಳುವಷ್ಟು ಧೂಳು. ಸೂಜಿಯಲ್ಲಿ ಮಾತ್ರ ದಾರ ಹಾಗೇ ಇತ್ತು.

ನೀನು ದಿನಾ ಸಂಜೆ ಬೀಗ ಹಾಕುವ ಮುನ್ನ, ಮರುದಿನದ ಮೊದಲ ಬಟ್ಟೆಗೆ ಹೊಂದುವ ದಾರ ಪೋಣಿಸಿಡುತ್ತಿದ್ದೆ.

"ಸೂಜಿ ಸಿದ್ಧ ಇದ್ರೆ ಎಂಥ ಬೇಜಾರಲ್ಲೂ ಕೆಲಸ ಶುರುವಾಗುತ್ತೆ ಮಗಳೇ."

"ನಾಳೆ ಬಂದೇ ಬರುತ್ತೆ ಅಂತ ನಿಂಗೆ ಯಾರು ಬರೆದುಕೊಟ್ಟಿದಾರೆ?" ಎಂದು ನಾನು ನಗುತ್ತಿದ್ದೆ.

ಸೂಜಿಯಲ್ಲಿದ್ದದ್ದು ಹಸಿರು ದಾರ. ಗಿರಾಕಿಗಳ ಗಂಟುಗಳನ್ನೆಲ್ಲ ಬಿಚ್ಚಿದೆ, ಹಸಿರು ಬಟ್ಟೆ ಒಂದೂ ಇಲ್ಲ. ಕೊನೆಗೆ ನಿನ್ನ ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ನನ್ನ ಹಸಿರು ಅಂಗಿ ಕಂಡಿತು. ತೋಳು ಗಿಡ್ಡ ಮಾಡಿಕೊಡು ಎಂದು ಕೊಟ್ಟವಳು ನಾನೇ. "ಅಳತೆ ನೋಡ್ಬೇಕು, ಒಂದು ಗಳಿಗೆ ಬಂದು ಹೋಗು" ಎಂದು ನೀನು ಫೋನ್ ಮಾಡಿದಾಗಲೆಲ್ಲ ನನ್ನದು ಒಂದೇ ಉತ್ತರ: "ನಾಳೆ ಬರ್ತೀನಿ."

ಇವತ್ತು ಆ ದಾರದಲ್ಲೇ, ಅಂದಾಜಿನ ಮೇಲೆ ಹೊಲಿದೆ. ಎಡತೋಳು ಎರಡು ಬೆರಳು ಮೇಲೆ ಹೋಗಿದೆ, ಬೈಯಬೇಡ.

ಪಕ್ಕದ ಅಂಗಡಿಯವರು ಹರಿದ ಬಿಳಿ ಅಂಗಿಯೊಂದನ್ನು ಕೊಟ್ಟು ಹೋಗಿದ್ದಾರೆ. ಬಿಳಿ ದಾರ ಪೋಣಿಸಿಟ್ಟು ಬೀಗ ಹಾಕುತ್ತಿದ್ದೇನೆ.

ನಾಳೆ ಬರ್ತೀನಿ, ಅಪ್ಪಾ.